ಅವರ ಸಾಲ, ನಮ್ಮ ಬಾಗಿಲು



ಈ ಬಾಡಿಗೆ ಮನೆಗೆ ಬಂದು ಹತ್ತು ತಿಂಗಳಾಯ್ತು. ನನ್ನ ಹೆಸರಿಗೆ ಬಂದ ಕಾಗದ ಎರಡು. ನಮಗಿಂತ ಮುಂಚೆ ಇಲ್ಲಿದ್ದ ಹೆಣ್ಣುಮಗಳ ಹೆಸರಿಗೆ ಬಂದದ್ದು ಹದಿನಾಲ್ಕು. ಎಲ್ಲವೂ ಒಂದೇ ಫೈನಾನ್ಸ್‌ನವು. ಲಕೋಟೆ ಒಡೆಯದೆ ಹೇಗೆ ಗೊತ್ತಾಯ್ತು ಅಂತೀರಾ? 'ಸಾಲ ಬಾಕಿ, ಅಂತಿಮ ಸೂಚನೆ' ಅಂತ ಕವರ್ ಮೇಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರ್ತಾರೆ, ಬೀದಿಗೆಲ್ಲ ಕಾಣಲಿ ಅಂತ. ಅಂತಿಮ ಸೂಚನೆಯೇ ಐದು ಸಲ ಬಂದಿದೆ.

ಆಫೀಸಲ್ಲಿ ಟಪಾಲು ನೋಡೋ ಗುಮಾಸ್ತ ನಾನು. ಮಾಡಬೇಕಾದ್ದು ಗೊತ್ತಿತ್ತು. 'ಈ ವಿಳಾಸದಲ್ಲಿಲ್ಲ, ಮನೆ ಬಿಟ್ಟಿದ್ದಾರೆ' ಅಂತ ಬರೆದು ಪೋಸ್ಟ್‌ಮ್ಯಾನ್ ಕೈಗೆ ವಾಪಸ್ ಕೊಟ್ಟೆ. ರಿಜಿಸ್ಟರ್ಡ್ ಬಂದಾಗ ಸಹಿ ಹಾಕಲಿಲ್ಲ. ಬಾಡಿಗೆ ಕರಾರಿನ ನಕಲು ಇಟ್ಟು ಕಂಪನಿಗೂ ಬರೆದೆ. ಉತ್ತರವಾಗಿ ಇಬ್ಬರು ಹುಡುಗರು ಬೈಕಲ್ಲಿ ಬಂದರು, ರಾತ್ರಿ ಎಂಟಕ್ಕೆ.

ಅಮ್ಮ ಒಬ್ಬರೇ ಇದ್ದರು. ಆಕೆ ಇಲ್ಲಿಲ್ಲ ಅಂದರೂ ಕೇಳದೆ ವಠಾರಕ್ಕೆಲ್ಲ ಕೇಳೋ ಹಾಗೆ ಕೂಗಿದ್ದಾರೆ. ಒಬ್ಬ ಒಳಗೆ ಇಣುಕಿ, ಗೋಡೆ ಮೇಲಿದ್ದ ಬಾಬಾಸಾಹೇಬರ ಫೋಟೋ ನೋಡಿ ಹೇಳಿದನಂತೆ: 'ಅವಳೂ ನಿಮ್ಮೋಳೇ ತಾನೇ? ಒಂದೇ ಜನ. ನೀವೇ ಕಟ್ಟಿ.'

ಒಂದೇ ಜನ! ಸಾವಿರಾರು ಕೋಟಿ ಮುಳುಗಿಸಿ ವಿಮಾನ ಹತ್ತಿದವನ ಜಾತಿಯವರ ಮನೆಗೆ ಹೋಗಿ ಯಾರಾದರೂ ಹೀಗೆ ಕೇಳಿದ್ದುಂಟಾ? ನನ್ನ ತಾತ ಜೀತ ಮಾಡಿದ್ದು ಅವರಪ್ಪನ ಸಾಲಕ್ಕೆ. ಎಷ್ಟು ಸಾಲ ಅಂತ ತಾತನಿಗೆ ಗೊತ್ತಿರಲಿಲ್ಲ, ಧಣಿಯ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಆದರೆ ನಮ್ಮಲ್ಲಿ ಒಬ್ಬರ ಸಾಲ ಎಲ್ಲರ ಸಾಲ ಅನ್ನೋ ಲೆಕ್ಕ ಹಾಗೇ ಉಳೀತು, ಟೈ ಕಟ್ಟಿಕೊಂಡು ಬೈಕ್ ಹತ್ತಿತು.

ಮಾರನೇ ದಿನ ಓನರ್ರು: 'ನೋಡಿ ಸಾರ್, ನಿಮ್ಮೋರಿಗೆ ಮನೆ ಕೊಟ್ರೆ ಇದೇ ತಾಪತ್ರಯ. ಎರಡು ತಿಂಗಳು ಟೈಮ್ ಕೊಡ್ತೀನಿ.' ಈ ಮನೆ ಸಿಗೋಕೆ ಎಷ್ಟು ಬೀದಿ ಅಲೆದಿದ್ದೆ ಅಂತ ನಿಮಗೆ ಹೇಳಬೇಕಿಲ್ಲ.

ಇದೆಲ್ಲಕ್ಕಿಂತ ನೋವಾಗಿದ್ದು ನಮ್ಮದೇ ಸಂಗಾತಿಯೊಬ್ಬರ ಮಾತು. 'ಆಕೆ ಎಲ್ಲಿದ್ದಾಳೆ ಗೊತ್ತಲ್ಲ, ನಂಬರ್ ಕೊಟ್ಟು ಕೈ ತೊಳ್ಕೊಳಪ್ಪ.' ಗೊತ್ತು. ಗಾರ್ಮೆಂಟ್ಸಲ್ಲಿ ದುಡಿಯೋ ಆಕೆ, ಗಂಡನ ಆಪರೇಷನ್‌ಗೆ ಮಾಡಿದ ಸಾಲ. ಕೊಡಲ್ಲ. ಸಾಲ ತೀರಿಸಬಾರದು ಅಂತ ನಾನೆಲ್ಲೂ ಹೇಳ್ತಿಲ್ಲ. ಕೋರ್ಟಿದೆ, ದಾವೆ ಹೂಡಲಿ. ಆದರೆ ವೇದಿಕೆ ಮೇಲೆ 'ಅಕ್ಕ ತಂಗಿಯರೇ' ಅಂದು, ಮನೆ ಬಾಗಿಲಲ್ಲಿ ಅದೇ ಅಕ್ಕನ ಅಡ್ರೆಸ್ ಬರೆದುಕೊಡೋ ಚಳವಳಿ ನನಗೆ ಬೇಡ.

ಗೊತ್ತಿರಲಿ: ಕಿರುಸಾಲ ವಸೂಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಫೋನ್ ಕೂಡ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವೇ ಹೇಳಿತ್ತು. ಸಾಲಗಾರರ ನೆಂಟರು, ಸ್ನೇಹಿತರಿಗೂ ಕಾಟ ಕೊಡುವಂತಿಲ್ಲ. ಇನ್ನು ಪರಿಚಯವೂ ಇಲ್ಲದ ನನ್ನಮ್ಮನಿಗೆ? ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೀನಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ. ಠಾಣೆಗೂ ಹೋಗಿದ್ದೆ, 'ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಅರ್ಜಿಗೆ ಸ್ವೀಕೃತಿ ಕೊಡೋವರೆಗೂ ಬೆಂಚು ಬಿಟ್ಟು ಏಳಲಿಲ್ಲ.

ಶನಿವಾರ ಮತ್ತೆ ಬರ್ತೀವಿ ಅಂದು ಹೋಗಿದ್ದಾರೆ. ಸಂಜೆ ಬಿಡುವಿರೋರು ಮನೆ ಕಡೆ ಬನ್ನಿ. ಅಮ್ಮ ಟೀ ಮಾಡ್ತಾರೆ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ರೆಕಾರ್ಡ್ ಮಾಡೋಕೆ ಬೇಕಾಗುತ್ತೆ.