ಗೆರೆಯ ಮೇಲಿನ ಮಾತು

ನರಗುಂದದ ಗುಡ್ಡವು ಕಿಟಕಿಯಿಂದಲೇ ಕಾಣುವಂಥ ಒಂದು ಕೊಠಡಿಯಲ್ಲಿ, ಇತಿಹಾಸದ ಅಧ್ಯಾಪಕರೊಬ್ಬರ ಕರೆಯಂತೆ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳುವ ಯೋಗವು ಈಚೆಗೆ ನನಗೆ ಒದಗಿತು. ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೊಂದು ಮೈಂಡ್ ಮ್ಯಾಪ್ ಮೂಡಿತು. ನಡುವೆ ‘ನರಗುಂದ ಬಂಡಾಯ’ವೆಂಬ ವೃತ್ತ; ಅದರಿಂದ ಹೊರಟ ಬಣ್ಣದ ಕವಲುಗಳಲ್ಲಿ ದತ್ತಕದ ನಿರಾಕರಣೆ, ಆಯುಧಗಳ ಕಸಿತ, ಮುಂಡರಗಿ ಭೀಮರಾಯ, ಸುರೇಬಾನದಲ್ಲಿ ನಡೆದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ವಧೆ, ಬೆಳಗಾವಿಯಲ್ಲಿ ನರಗುಂದದ ಅರಸ ಬಾಬಾಸಾಹೇಬನಿಗಾದ ಗಲ್ಲು. 1858ರ ವೃತ್ತಾಂತವೆಲ್ಲ ಒಂದೇ ನೋಟಕ್ಕೆ ದಕ್ಕುವಂತಿದ್ದ ಆ ಚಿತ್ರವನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ಪೆನ್ನು ತೆಗೆದವರು ಇಬ್ಬರೋ ಮೂವರೋ.

ಆಗ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ಎಂಬತ್ತರ ಬಂಡಾಯ ಇದರಾಗ ಎಲ್ಲಿ ಬರ್ತೈತ್ರಿ?”

ಗೋಡೆಯ ಚಿತ್ರದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಅಧ್ಯಾಪಕರು ಯಂತ್ರವನ್ನು ಆರಿಸಿ ಸೀಮೆಸುಣ್ಣವನ್ನು ಕೈಗೆತ್ತಿಕೊಂಡರು. ಪಾಠವು ಆರಂಭವಾದುದು ನನ್ನ ಲೆಕ್ಕದಲ್ಲಿ ಆ ಗಳಿಗೆಯಿಂದ. ನವಿಲುತೀರ್ಥದ ಅಣೆಕಟ್ಟು, ಮಲಪ್ರಭಾ ಕಾಲುವೆ, ನೀರು ಹರಿದೀತೆಂಬ ಕಾರಣದಿಂದಲೇ ಹೊಲದ ಮೇಲೆ ಹೇರಿದ ಅಭಿವೃದ್ಧಿ ಕರ, ಹತ್ತಿಯ ಬೆಲೆಯ ಕುಸಿತ, 1980ರ ಜುಲೈ 21ರಂದು ರೈತರ ಮೇಲೆ ನಡೆದ ಗೋಲಿಬಾರು, ಅದಕ್ಕೆ ಬಲಿಯಾದ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಎಂಬಿವೆಲ್ಲವೂ ಹಲಗೆಗೆ ಬಂದುವು. ಅವುಗಳಲ್ಲಿ ಹೆಚ್ಚಿನವನ್ನು ಹೇಳಿದವರು ಅಜ್ಜಂದಿರ ಬಾಯಿಂದ ಕೇಳಿ ಬಲ್ಲ ಮಕ್ಕಳೇ ಹೊರತು ಅಧ್ಯಾಪಕರಲ್ಲ.

ಮೈಂಡ್ ಮ್ಯಾಪ್ ಎಂಬ ಹೆಸರನ್ನು 1974ರಲ್ಲಿ ಬಿ.ಬಿ.ಸಿ.ಯ ಮೂಲಕ ಜನಪ್ರಿಯಗೊಳಿಸಿದವನು ಟೋನಿ ಬುಜಾನ್. ವಿಷಯವನ್ನು ಮರದಂತೆ ಕವಲೊಡೆಸಿ ತೋರಿಸುವ ಪದ್ಧತಿಯಾದರೋ ಅವನಿಗಿಂತ ಬಹು ಶತಮಾನಗಳಷ್ಟು ಹಳೆಯದು. ನಮ್ಮ ಮನೆಗಳ ವಂಶವೃಕ್ಷವೂ ಆ ಜಾತಿಯದೇ. ಆದರೆ ಅದೇ ದಶಕದಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕನು ರೂಪಿಸಿದ ಪರಿಕಲ್ಪನಾ ನಕ್ಷೆಯಲ್ಲಿ ಎರಡು ಸಂಗತಿಗಳನ್ನು ಕೂಡಿಸುವ ಗೆರೆಯ ಮೇಲೆ ಒಂದು ಮಾತನ್ನು ಬರೆಯಲೇಬೇಕು, ಒಂದು ಕವಲಿನಿಂದ ಇನ್ನೊಂದಕ್ಕೆ ಅಡ್ಡಗೆರೆಯನ್ನೂ ಎಳೆಯಬಹುದು. ನನಗೆ ಮುಖ್ಯವೆನಿಸುವುದು ಈ ಅಡ್ಡಗೆರೆ. ಗಜೇಂದ್ರಗಡದ ನೇಕಾರನನ್ನು ಕೇಳಿದರೆ, ಹಾಸು ಎಷ್ಟೇ ಬಿಗಿಯಾಗಿದ್ದರೂ ಹೊಕ್ಕು ಹಾಯದೆ ಸೀರೆಯಾಗದೆಂದು ಅವನೇ ಹೇಳಿಯಾನು.

ಯಂತ್ರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2004ರಲ್ಲಿ ಎಜುಸ್ಯಾಟ್ ಉಪಗ್ರಹವು ಮೇಲೇರಿದಾಗ ಪಾಠವು ಆಕಾಶದಿಂದ ಇಳಿಯುವುದೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ; 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿದಾಗ, ರೋಣದ ಸುತ್ತಣ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳ ಚೀಲದಲ್ಲಿ ಗ್ರಂಥಾಲಯವೇ ಬಂದು ಕುಳಿತಿತೆಂದು ಸಂತೋಷಿಸಿದವನೂ ಹೌದು. ನನ್ನ ತಕರಾರು ಬೇರೆಯವರು ರಚಿಸಿಟ್ಟ ಸಿದ್ಧ ಚಿತ್ರದ ಮೇಲೆ. ನಕ್ಷೆಯನ್ನು ಬರೆಯುವ ಶ್ರಮದಲ್ಲಿಯೇ ಅದರ ಫಲವಿರುವಾಗ, ಆ ಶ್ರಮವನ್ನು ಅಧ್ಯಾಪಕನೋ ತಂತ್ರಾಂಶವೋ ವಹಿಸಿಕೊಂಡು ಫಲವನ್ನು ಮಾತ್ರ ಮಕ್ಕಳಿಗೆ ಹಂಚುವೆನೆಂಬುದು, ಒಬ್ಬರ ಊಟವನ್ನು ಇನ್ನೊಬ್ಬರು ಉಂಡಂತೆ.

ಆ ದಿನ ಹಲಗೆಯ ಮೇಲೆ 1858ಕ್ಕೂ 1980ಕ್ಕೂ ನಡುವೆ ಗೆರೆಯೆಳೆಯಬಹುದೇ ಎಂಬ ವಾದವು ಅರ್ಧ ತಾಸು ನಡೆಯಿತು. ದೂರದಲ್ಲಿ ಕುಳಿತ ಅಧಿಕಾರವು ಇಲ್ಲಿಯ ನೆಲದ ವಿಷಯವನ್ನು ಇಲ್ಲಿಯವರನ್ನು ಕೇಳದೆ ನಿರ್ಣಯಿಸಿದ್ದು ಎರಡರಲ್ಲಿಯೂ ಸಮಾನವೆಂದು ಕೆಲವರೆಂದರು. “ಅದು ರಾಜಂದು, ಇದು ರೈತಂದು, ಎರಡೂ ಒಂದ ಹ್ಯಾಂಗ ಆಕ್ಕಾವ?” ಎಂದು ಮೂಲೆಯ ಹುಡುಗನೊಬ್ಬ ಪಟ್ಟು ಹಿಡಿದ. ಅವನ ಮಾತಿನಲ್ಲಿಯೂ ತಥ್ಯವಿದ್ದುದರಿಂದ ಅಧ್ಯಾಪಕರು ಗೆರೆಯನ್ನು ಒರೆಸಿ ಚುಕ್ಕೆಗಳಲ್ಲಿ ಎಳೆದರು.

“ಪರೀಕ್ಷಾದಾಗ ಹಿಂಗ ಚಿತ್ರ ತಗದ್ರ ಮಾರ್ಕ್ಸ್ ಕೊಡ್ತಾರೇನ್ರಿ?” ಎಂದು ಇನ್ನೊಬ್ಬ ಕೇಳಿದ.

“ಇಲ್ಲಪಾ, ವಾಕ್ಯದಾಗ ಬರೀಬೇಕು. ಈ ಚುಕ್ಕಿಗೆರಿ ಮ್ಯಾಲೆ ಏನು ಬರೀತೀರಿ? ‘ಆದ್ದರಿಂದ’ ಅಂತನೋ, ‘ಆದರೂ’ ಅಂತನೋ?”

ಗಂಟೆ ಹೊಡೆಯಿತು. ಮೊದಲು ಪ್ರಶ್ನೆ ಕೇಳಿದ್ದ ಹುಡುಗಿಯ ನೋಟುಬುಕ್ಕನ್ನು ಹೊರಡುವಾಗ ಇಣುಕಿ ನೋಡಿದೆ. ಗೆರೆಯ ಮೇಲೆ ಮೊದಲು ‘ಆದ್ದರಿಂದ’ ಎಂದು ಬರೆದು, ಕಾಟು ಹಾಕಿ, ‘ಆದರೂ’ ಎಂದು ತಿದ್ದಿದ್ದಳು.