ಜೊತೆಯಿಲ್ಲದ ಮೀನು

ಘೋಡಬಂದರ್ ರಸ್ತೆಯ ಇಕ್ಕೆಲಗಳಲ್ಲಿಯೂ ಎದ್ದಿರುವ ಬಹು ಅಂತಸ್ತಿನ ಮನೆಗಳಲ್ಲಿ ಹಿತ್ತಿಲಿಲ್ಲ. ಹಸು ಕರುಗಳಿಗೆ ಎಡೆಯಿಲ್ಲ. ಪ್ರಾಣಿಗಳಲ್ಲಿ ಪ್ರೀತಿಯುಳ್ಳ ಬಾಲಕರು ಗಾಜಿನ ಬೋಗುಣಿಯಲ್ಲಿ ಒಂದು ಮೀನನ್ನು ತಂದಿರಿಸಿಕೊಳ್ಳುವುದು ಸಹಜವೇ ಆಗಿದೆ. ಮೀನು ಸಾಕುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹಿಂಡಿನಲ್ಲಿ ಬಾಳುವ ಮೀನನ್ನು ಒಂಟಿಯಾಗಿ ಇಡುವುದು ಸಾಕಣೆಯಲ್ಲ, ಸೆರೆ ಎಂಬುದೇ ನಮ್ಮ ಅಭಿಪ್ರಾಯ.

ಜೀಬ್ರಾ ಮೀನನ್ನೇ ತೆಗೆದುಕೊಳ್ಳೋಣ. ಮೈಮೇಲೆ ನೀಲಿ ಪಟ್ಟೆಗಳುಳ್ಳ, ಸುಮಾರು 4 ಸೆಂಟಿಮೀಟರ್ ಉದ್ದದ ಈ ಸಿಹಿನೀರಿನ ಮೀನು ನಮ್ಮ ದೇಶದ್ದೇ. 1800-01ರಲ್ಲಿ ಮೈಸೂರು ಮತ್ತು ಕೆನರಾ ಸೀಮೆಗಳಲ್ಲಿ ಸಂಚರಿಸಿ ಪ್ರವಾಸಕಥನವನ್ನು ಬರೆದ ಫ್ರಾನ್ಸಿಸ್ ಬುಕಾನನನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ವರ್ಣಿಸಿದನು.

ತೊರೆಯಲ್ಲಿ ಈ ಪುಟ್ಟ ಜೀವಕ್ಕೆ ಹಿಂಡೇ ಕೋಟೆ. ಹಲವು ಕಣ್ಣುಗಳು ಶತ್ರುವನ್ನು ಬೇಗನೆ ಕಾಣುತ್ತವೆ. ಒಟ್ಟಾಗಿ ಚಲಿಸುವ ಗುಂಪಿನಲ್ಲಿ ಒಂದನ್ನೇ ಗುರಿಹಿಡಿಯುವುದು ಬೇಟೆಯ ಮೀನಿಗೆ ಕಷ್ಟ. ಕಣ್ಣಿನಿಂದ ನೋಡಿಯೂ, ಪಾರ್ಶ್ವರೇಖೆಯೆಂಬ ಇಂದ್ರಿಯದಿಂದ ನೀರಿನ ಅಲುಗಾಟವನ್ನು ಅರಿತೂ ಅವು ಒಡನೊಡನೆ ತಿರುಗುತ್ತವೆ. ಅಂತಹ ಮೀನನ್ನು ಒಂಟಿಯಾಗಿಸಿದರೆ ಅದು ಬೆದರಿ ಮೂಲೆ ಹಿಡಿಯುವುದರಲ್ಲಿ ಆಶ್ಚರ್ಯವೇನು?

"ಒಂದಕ್ಕೇ ಸ್ಥಳವಿಲ್ಲ, ಆರಕ್ಕೆ ಎಲ್ಲಿಂದ ತರುವುದು?" ಎಂದು ಕೆಲವರು ಕೇಳಬಹುದು. ಆರೇಳು ಜೀಬ್ರಾ ಮೀನುಗಳಿಗೆ ಎರಡಡಿ ಉದ್ದದ, ಮುಚ್ಚಳವುಳ್ಳ ತೊಟ್ಟಿ ಸಾಕು. ಅವು ಈಜಿ ಓಡಾಡುವ ಜೀವಿಗಳಾದುದರಿಂದ ಎತ್ತರಕ್ಕಿಂತ ಉದ್ದವೇ ಮುಖ್ಯ. ಹಣಕ್ಕಿಂತಲೂ ಹೆಚ್ಚಾಗಿ ಬೇಕಾದುದು ತಾಳ್ಮೆ. ಮೀನಿನಿಂದ ಹೊರಬೀಳುವ ಅಮೋನಿಯವು ವಿಷ. ಅದನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರಗಳು ಹಿಡಿಯುತ್ತವೆ. ಇಂದು ತೊಟ್ಟಿಯನ್ನು ಕೊಂಡು ಇಂದೇ ಮೀನುಗಳನ್ನು ಬಿಡುವವನು ಅವುಗಳ ಪ್ರಾಣಕ್ಕೆ ಎರವಾಗುತ್ತಾನೆ.

ಇಷ್ಟೂ ಸಾಧ್ಯವಾಗದವರು ಏನು ಮಾಡಬೇಕು? ಆರು ಮನೆಗಳ ಆರು ಬೋಗುಣಿಗಳಿಗಿಂತ ಶಾಲೆಯಲ್ಲಿ ಒಂದೇ ತೊಟ್ಟಿಯನ್ನಿರಿಸಿ, ಸರದಿಯಂತೆ ಎಲ್ಲರೂ ನೋಡಿಕೊಳ್ಳುವುದು ಲೇಸು. ರಜೆಯ ದಿನಗಳಿಗೂ ಸರದಿಯನ್ನು ಮೊದಲೇ ಗೊತ್ತುಮಾಡತಕ್ಕದ್ದು. ಬೇಸರವಾಯಿತೆಂದು ಮೀನುಗಳನ್ನು ಮಾಸುಂದಾ ಕೆರೆಗೋ ಉಪವನ ಕೆರೆಗೋ ಬಿಡುವುದು ಮಾತ್ರ ಕೂಡದು. ಸಾಕಿದ ಮೀನು ಅಲ್ಲಿ ಸಾಯಬಹುದು. ಉಳಿದರೆ ರೋಗವನ್ನು ಹರಡಬಹುದು, ಅಲ್ಲಿಯ ಜೀವಿಗಳ ಆಹಾರವನ್ನು ಕಸಿಯಬಹುದು.

ಈ ಮಹಾನಗರದಲ್ಲಿ ನಮ್ಮ ನುಡಿಯನ್ನಾಡುವ ನಾಲ್ವರು ಗೆಳೆಯರು ದೊರೆತಾಗ ಮನಸ್ಸಿಗೆ ಎಷ್ಟು ಧೈರ್ಯವಾಗುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಅಷ್ಟನ್ನು ಬಲ್ಲವರು ಒಂದು ಮೂಕ ಜೀವಿಯಿಂದ ಅದರ ಜೊತೆಗಾರರನ್ನು ಕಸಿಯಲಾಗದು.