ಸೂರ್ಯನಿಗೆ ಬೆನ್ನು ಹಾಕಿ

ಮುರಿದ ಕೋಟೆ, ಪಾಳುಮಂಟಪ, ಕುಸಿಯುತ್ತಿರುವ ಮಾಳಿಗೆ ಮನೆ, ಇವುಗಳ ಚಿತ್ರ ತೆಗೆಯುವುದಕ್ಕೆ ಹೊತ್ತು ಮುಳುಗುವ ವೇಳೆಯೇ ಪ್ರಶಸ್ತವೆಂಬ ನಂಬಿಕೆ ಕ್ಯಾಮರಾ ಹಿಡಿದವರಲ್ಲಿ ಬೇರೂರಿಬಿಟ್ಟಿದೆ. ನಾನೂ ಆ ಮತದವನೇ ಆಗಿದ್ದೆ. ಈಗಲೂ ಅದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಅದರ ಆಚರಣೆಯಲ್ಲಿ ಏನೋ ತಪ್ಪು ನಡೆಯುತ್ತಿದೆಯೆಂದು ಹೇಳುವಷ್ಟು ಅನುಭವ ನನಗಾಗಿದೆ.

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ನನ್ನ ತಾಯಿಯ ತವರು. ಕದಂಬರ ಕಾಲದ ಉಚ್ಚಶೃಂಗಿ ಇದೇ ಎಂದು ವಿದ್ವಾಂಸರು ಹೇಳುತ್ತಾರೆ. 12ನೆಯ ಶತಮಾನದಲ್ಲಿ ನೊಳಂಬವಾಡಿಯನ್ನು ಆಳಿದ ಪಾಂಡ್ಯರಿಗೆ ಇದು ರಾಜಧಾನಿ. ಇದನ್ನು ಗೆದ್ದ ಹೊಯ್ಸಳ ಇಮ್ಮಡಿ ಬಲ್ಲಾಳ ‘ಗಿರಿದುರ್ಗಮಲ್ಲ’ನೆಂಬ ಬಿರುದನ್ನೇ ಧರಿಸಿದ. ಈಗ ಬೆಟ್ಟ ಏರುವವರಲ್ಲಿ ಬಹುಮಂದಿಗೆ ಪಾಂಡ್ಯರೂ ಬೇಡ, ಬಲ್ಲಾಳನೂ ಬೇಡ. ಉಚ್ಚಂಗಮ್ಮನ ದರ್ಶನವಾದರೆ ಸಾಕು. ಅವರ ನಡುವೆ ನಮ್ಮಂಥ ನಾಲ್ಕೈದು ಜನ ಕೋಟೆಯ ಗೋಡೆಯ ಹತ್ತಿರ ಪಡುವಣ ದಿಕ್ಕಿಗೆ ಕ್ಯಾಮರಾ ಹೂಡಿಕೊಂಡು ಸೂರ್ಯನನ್ನು ಕಾಯುತ್ತಿರುತ್ತೇವೆ.

ಹಾಗೆ ಕಾಯುತ್ತಿದ್ದ ಒಂದು ಸಂಜೆ ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ಸ್ವಲ್ಪ ಹೊತ್ತು ನಮ್ಮನ್ನು ನೋಡಿ, “ಸೂರ್ಯ ನಿಮ್ಮೂರಾಗೂ ಮುಳುಗ್ತಾನಲ್ರೀ? ನಮ್ಮ ಗ್ವಾಡಿ ಆ ಕಡೀಗೈತಿ,” ಎಂದ. ಎಲ್ಲರೂ ನಕ್ಕೆವು. ಅವನು ನಗಲಿಲ್ಲ.

ಆ ಮಾತಿನ ತೂಕ ನನಗೆ ತಿಳಿದದ್ದು ಮೂರು ವರ್ಷಗಳ ಮೇಲೆ. ಅದೇ 2016ರ ಪ್ರವಾಸದಲ್ಲಿ ಬೆಟ್ಟದ ಬುಡದ ಅಜ್ಜಿಯ ಮನೆಯನ್ನೂ ಸಂಜೆಗೆಂಪಿನಲ್ಲಿ ತೆಗೆದಿದ್ದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ, ಜಂತಿ, ಅವುಗಳ ಮೇಲೆ ನೀರು ಇಳಿಯದಂತೆ ಸವುಳು ಮಣ್ಣು ಹರಡಿ ಬಡಿದ ಮಾಳಿಗೆ, ಅದರ ನಡುವೆ ಬೆಳಕಿಂಡಿ. ಚಿತ್ರ ಬಹು ಚೆನ್ನಾಗಿ ಬಂದಿತೆಂದು ಎಲ್ಲರೂ ಹೊಗಳಿದರು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೂ ಆಯಿತು. 2019ರಲ್ಲಿ ಮನೆಯನ್ನು ಕೆಡವಿದರು. ಮಳೆಗೆ ಹಿಂದಿನ ಗೋಡೆ ಬಾಯಿಬಿಟ್ಟಿತ್ತು; ಕೆಡವಿದವರನ್ನು ದೂರುವಂತಿಲ್ಲ. ಅದಾದ ಮೇಲೊಂದು ದಿನ ತಾಯಿ ಆ ಚಿತ್ರದ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತು, “ದೀಪ ಇಡೋ ಗೂಡು ಎಲ್ಲೈತಪ್ಪಾ ಇದರಾಗೆ?” ಎಂದು ಕೇಳಿದಳು.

ಅದರಲ್ಲಿ ಗೂಡೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಕೆಂಪು ಆಕಾಶಕ್ಕೆ ಒತ್ತಿಕೊಂಡ ಒಂದು ಕಪ್ಪು ಆಕಾರವಿತ್ತು. ಅದು ನಮ್ಮ ಅಜ್ಜಿಯ ಮನೆಯಾಗಿರಬಹುದು, ಯಾರದೋ ದನದ ಕೊಟ್ಟಿಗೆಯಾಗಿರಬಹುದು. ಪಡಸಾಲೆಗೆ ಎಷ್ಟು ಕಂಬ, ಮಾಳಿಗೆಗೆ ಏರುವ ಮೆಟ್ಟಿಲು ಎಡಕ್ಕೋ ಬಲಕ್ಕೋ, ನನಗೂ ಈಗ ಖಚಿತವಾಗಿ ನೆನಪಿಲ್ಲ. ಮನೆ ನಿಂತಿದ್ದಾಗ ಅದರೆದುರು ನಿಂತು ನಾನು ಸೂರ್ಯನ ಚಿತ್ರ ತೆಗೆದುಕೊಂಡು ಬಂದಿದ್ದೆ!

ಈ ವಿಷಯದಲ್ಲಿ ನಮಗೆ ಬುದ್ಧಿ ಕಲಿಸಬಲ್ಲ ನಿದರ್ಶನವೊಂದು ಇದೇ ವಿಜಯನಗರ ಜಿಲ್ಲೆಯಲ್ಲಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಕಟ್ಟಡಗಳನ್ನು ಮೇಣ ಸವರಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದ. ಆ ಕಾಗದಕ್ಕೆ ಒಳ್ಳೆಯ ಬೆಳಕು ಬೇಕು, ಬಹಳ ಹೊತ್ತೂ ಬೇಕು; ಮುಳುಗುವ ಸೂರ್ಯನ ಲಾಲಿತ್ಯ ಅವನಿಗೆ ಒದಗುವಂತಿರಲಿಲ್ಲ. ಅವನ ಚಿತ್ರಗಳು ಬಿಚ್ಚುಬೆಳಕಿನ ನೇರ ನೋಟಗಳು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಆ ಶಿಖರ ಇಂದು ಇಲ್ಲ. ಐವತ್ತು ರೂಪಾಯಿಯ ಹೊಸ ನೋಟಿನ ಬೆನ್ನ ಮೇಲಿರುವುದು ಶಿಖರವಿಲ್ಲದ ರಥ. ವಾಚಕರು ಜೇಬಿನಿಂದ ತೆಗೆದು ನೋಡಬಹುದು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ಏನು ಉಳಿದಿದೆ, ಏನು ಹೋಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಗ್ರೀನ್‌ಲಾ ರಥವನ್ನು ಕೆಂಪು ಆಕಾಶದೆದುರಿನ ನೆರಳಾಗಿ ತೆಗೆದಿದ್ದರೆ ಆ ಇಟ್ಟಿಗೆಯ ಗಾರೆಗೆಲಸ ನಮ್ಮ ಪಾಲಿಗೆ ಇಲ್ಲವಾಗುತ್ತಿತ್ತು.

ಹಾಗೆಂದು ಸಂಜೆಯ ಬೆಳಕನ್ನು ತೆಗಳುವುದು ಅನ್ಯಾಯ. ಶಾಸನ ಓದುವವರನ್ನು ಕೇಳಿ ನೋಡಿ. ನಡುಹಗಲಿನಲ್ಲಿ ಸವೆದ ಕಲ್ಲು ಬೋಳಾಗಿ ಕಾಣುತ್ತದೆ. ಹೊತ್ತು ಇಳಿದು ಬಿಸಿಲು ಕಲ್ಲಿನ ಮೈ ಸವರಿಕೊಂಡು ಓರೆಯಾಗಿ ಹೋಗುವಾಗ ಅಕ್ಷರದ ತಗ್ಗಿನಲ್ಲಿ ನೆರಳು ತುಂಬಿ ಗೆರೆಗಳು ಎದ್ದು ಬರುತ್ತವೆ. ಉಳಿಯ ಗುರುತು, ಗೋಡೆಯ ಉಬ್ಬು, ಹೊಸದಾಗಿ ಬಿಟ್ಟ ಬಿರುಕು, ಎಲ್ಲವೂ ಆಗ ಸ್ಪಷ್ಟ. ಇದೇ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಕಂಬಗಳ ಮುಂದೆ ಒಂದು ಸಂಜೆ ನಿಂತವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಈ ಲಾಭವೆಲ್ಲ ಸೂರ್ಯನಿಗೆ ಬೆನ್ನು ಹಾಕಿಯೋ ಪಕ್ಕಕ್ಕೆ ಇಟ್ಟುಕೊಂಡೋ ನಿಂತವರಿಗೆ. ಅವನಿಗೆ ಎದುರಾಗಿ ನಿಂತರೆ ಕೋಟೆಯೂ ಒಂದೇ, ಗುಡ್ಡವೂ ಒಂದೇ.

ಇನ್ನೊಂದು ಮಾತು. ಕೋಟೆಗೆ, ದೇವಾಲಯಕ್ಕೆ ಎಂದಾದರೂ ಯಾರಾದರೂ ಬಂದು ಅಳತೆ ಹಾಕುತ್ತಾರೆ. ಅಲೆಕ್ಸಾಂಡರ್ ರೀ ಬಳ್ಳಾರಿ ಸೀಮೆಯ ಚಾಲುಕ್ಯ ದೇವಾಲಯಗಳ ಮೇಲೆ 1896ರಲ್ಲಿಯೇ ಗ್ರಂಥ ತಂದ. ಮಾಳಿಗೆ ಮನೆಗೆ ಅಂಥ ಯೋಗ ಎಲ್ಲಿಯದು? ಅದರ ಇತಿಹಾಸ ಉಳಿದರೆ ಮನೆಮಂದಿ ತೆಗೆದ ಚಿತ್ರದಲ್ಲಿಯೇ ಉಳಿಯಬೇಕು. ಈಗಂತೂ ಮನೆಗೊಂದು ಮೊಬೈಲಿದೆ; ಕಾಗದಕ್ಕೆ ಮೇಣ ಸವರುವ ತೊಂದರೆ ಯಾರಿಗೂ ಇಲ್ಲ.

ಕಳೆದ ಚಳಿಗಾಲದಲ್ಲಿ ಮತ್ತೆ ಹೋಗಿದ್ದೆ. ಅಜ್ಜಿಯ ಓಣಿಯಲ್ಲಿ ಅದೇ ಕಾಲದ್ದೆನ್ನುವ ಇನ್ನೊಂದು ಮಾಳಿಗೆ ಮನೆ ನಿಂತಿತ್ತು. ಮನೆಯವರ ಅಪ್ಪಣೆ ಪಡೆದು ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಬಾಗಿಲು, ಕಂಬ, ತೊಲೆ, ಬೆಳಕಿಂಡಿ, ಒರಳು, ಒಂದನ್ನೂ ಬಿಡದೆ ತೆಗೆದೆ. ಸಂಜೆ ಮತ್ತೊಮ್ಮೆ ಹೋಗಿ, ಸೂರ್ಯನನ್ನು ಹಿಂದೆ ಬಿಟ್ಟು ಮುಂಗೋಡೆಯನ್ನು ತೆಗೆದೆ. ಕಟ್ಟು ಹಾಕಿಸುವಂಥದು ಅವುಗಳಲ್ಲಿ ಒಂದೂ ಇಲ್ಲ. ತಾಯಿಗೆ ತೋರಿಸಿದಾಗ ಒಂದೊಂದನ್ನೂ ನಿಧಾನವಾಗಿ ನೋಡಿ, ಬಾಗಿಲ ಪಕ್ಕದ ಗೂಡಿನ ಮೇಲೆ ಬೆರಳಿಟ್ಟಳು.

“ಹಿಂಗಾ ಇತ್ತು ನಮ್ಮದೂ. ಆದ್ರೆ ನಮ್ಮದು ಎಡಕ್ಕಿತ್ತು.”